ಲೊವೀನಾ ಕೇಳದೇ ಹೋದ ಮಾತು

ಒಂದಾನೊಂದು ಕಾಲದಲ್ಲಿ, ತೀರಾ ಹಳೇ ಕಾಲ ಏನಲ್ಲ ಮಗಾ, ಏಳು ಸಮುದ್ರದಾಚೆ ಹಿಮ ಬಿದ್ದು ಹೊಲವೆಲ್ಲ ಬೆಳ್ಳಗಾಗೋ ಸೀಮೇಲಿ ಆಮಿಶ್ ಅನ್ನೋ ಜನ ಇದ್ರಂತೆ. ಕ್ರಿಸ್ತನ್ನ ನಂಬಿದ ಸಾದಾ ಜನ. ಮನೆಗೆ ಕರೆಂಟು ಬೇಡ, ಓಡಾಡೋಕೆ ಕಾರು ಬೇಡ, ಕುದುರೆಗಾಡೀನೇ ಸಾಕು ಅನ್ನೋರಂತೆ. ಅಲ್ಲೊಬ್ಬ ಮುದುಕ, ಅವನಿಗೆ ತಾಯಿಲ್ಲದ ಮೂರು ಹೆಣ್ಮಕ್ಕಳು, ಕಡೇಯೋಳು ಲೊವೀನಾ. ಅವಳು ಬ್ರೆಡ್ ಬೇಯ್ಸಿದ್ರೆ ದಾರಿವರ್ಗೂ ಘಮ್ಮನ್ನೋದಂತೆ, ಆದ್ರೆ ಸಿಟ್ಟು ಮಾತ್ರ ಮೂಗಿನ ತುದೀಲೇ.

ಅದೇ ಊರಲ್ಲಿ ಗಾಡಿಗೆ ಚಕ್ರ ಮಾಡೋ ಮೆನ್ನೋ ಅಂತ ಒಬ್ಬ ಹುಡುಗ. ಮಾತು ಕಮ್ಮಿ. ಅವನಿಗೆ ಲೊವೀನಾ ಮೇಲೆ ಮನಸ್ಸು, ಅವಳಿಗೂ ಅವನ ಮೇಲೆ ಮನಸ್ಸು. ಒಂದು ಕ್ರಿಸ್‌ಮಸ್ ದಿನ ಬಂದು ಮದುವೆ ಆಗ್ತೀಯಾ ಅಂತ ಕೇಳಿದ್ನಂತೆ. ಮೊದ್ಲು ಅಕ್ಕಂದಿರದ್ದು ಆಗ್ಲಿ, ತಡಿ ಅಂದ್ಲು. ಸರಿ ಅಂದ. ಆಮೇಲೆ ಅಕ್ಕಂದಿರು ಗಂಡನ ಮನೆ ಸೇರಿದ್ರು, ಮುಂದಿನ ಕ್ರಿಸ್‌ಮಸ್‌ಗೆ ಮತ್ತೆ ಬಂದು ಕೇಳಿದ್ನಂತೆ. ಅಪ್ಪ ಹಾಸಿಗೆ ಹಿಡಿದಿದ್ದಾನೆ, ಹೆಂಗೆ ಬಿಟ್ಟು ಬರ್ಲಿ, ಇನ್ನೊಂದು ವರ್ಷ ತಡಿ ಅಂದ್ಲು. ಅದಕ್ಕೂ ಸರಿ ಅಂದ. ಆ ವರ್ಷವೆಲ್ಲ ಅವ್ರ ಮನೆ ಸೌದೆ ಒಡೆದುಕೊಟ್ಟ, ಮುದುಕನ್ನ ಎತ್ತಿ ಬಿಸಿಲಿಗೆ ಕೂರಿಸ್ದ. ನಿಮ್ಮ ಮದುವೆ ಊಟ ಉಂಡೇ ನಾನು ಹೋಗೋದು ಅಂತ ಮುದುಕ ನಗೋನಂತೆ.

ಆಮೇಲೆ ಮೂರನೇ ಕ್ರಿಸ್‌ಮಸ್ ಬಂತು. ಹಿಂದಿನ ದಿನ ಪಕ್ಕದ ಮನೆ ಹೆಂಗಸು ಬಂದು, ಮೆನ್ನೋ ಸ್ಕೂಲ್ ಟೀಚರ್ ಕೇಟೀನ ಗಾಡೀಲಿ ಕೂರಿಸ್ಕೊಂಡು, ತನ್ನ ಕಂಬಳಿ ಅವಳಿಗೆ ಹೊದಿಸಿ ಕರ್ಕೊಂಡು ಹೋಗ್ತಿದ್ದ ಅಂದ್ಲಂತೆ. ಲೊವೀನಾಗೆ ಮೈಯೆಲ್ಲ ಉರಿದುಹೋಯ್ತು. ಮಾರನೇ ದಿನ ಅವನು ಬಾಗಿಲಿಗೆ ಬಂದ್ರೆ ಒಳಗೂ ಕರೀಲಿಲ್ಲ.

“ಯಾರನ್ನ ಗಾಡೀಲಿ ಕೂರಿಸ್ಕೊಂಡ್ಯೋ ಅವಳನ್ನೇ ಕೇಳ್ಕೋ ಹೋಗು,” ಅಂದು ಬಾಗಿಲು ಹಾಕಿಬಿಟ್ಲಂತೆ.

ಅವನು ಹಿಮದಲ್ಲಿ ಸ್ವಲ್ಪ ಹೊತ್ತು ನಿಂತಿದ್ದ. ಇವಳು ಏನಾಯ್ತು ಅಂತ ಕೇಳಲಿಲ್ಲ, ಅವನೂ ಹೇಳಲಿಲ್ಲ. ಆಮೇಲೆ ಉಳಿ ಸುತ್ತಿಗೆ ಗಂಟು ಕಟ್ಕೊಂಡು ಬೆಟ್ಟದಾಚೆ ಊರಿಗೆ ಹೊರಟೇಹೋದ್ನಂತೆ.

ಆಮೇಲೆ ಎಷ್ಟೋ ವರ್ಷ ಉರುಳ್ತು. ಮುದುಕ ಕಾದು ಕಾದು ಕಣ್ಮುಚ್ಚಿದ. ಆ ಚಳಿಗಾಲದಲ್ಲೇ ತನ್ನೂರಿಗೆ ಹೊರಟುಹೋಗಿದ್ದ ಕೇಟಿ ಸಾವಿನ ಮನೆ ಅಡುಗೆಗೆ ಅಂತ ಬಂದು, ಆಲೂಗಡ್ಡೆ ಹೆಚ್ಚುತ್ತಾ, ಅವತ್ತು ಹೊಳೆ ಹತ್ರ ಜಾರಿ ನನ್ನ ಕಾಲು ಮುರೀತು, ಮೆನ್ನೋ ಬರದಿದ್ರೆ ಚಳೀಗೇ ಸತ್ತುಹೋಗ್ತಿದ್ದೆ, ದಾರಿಯುದ್ದಕ್ಕೂ ನಿನ್ನ ವಿಷಯಾನೇ ಆಡ್ತಿದ್ದ ಅಂದ್ಲಂತೆ. ಲೊವೀನಾ ಕೈಲಿದ್ದ ಹಿಟ್ಟು ಕೈಲೇ ಉಳೀತು. ಅಯ್ಯೋ, ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲ, ಅಪ್ಪನಾದ್ರೂ ಮದುವೆ ನೋಡಿಕೊಂಡು ಹೋಗ್ತಿದ್ನಲ್ಲ ಅಂತ ಎದೆ ಸುಟ್ಕೊಂಡ್ಲಂತೆ.

ಕ್ರಿಸ್‌ಮಸ್ ಹತ್ರ ಬಂದಾಗ, ಬೆಟ್ಟದಾಚೆ ಹೋಗಿ ತಪ್ಪಾಯ್ತು ಅಂತ ಹೇಳ್ಬರ್ತೀನಿ ಅಂದ್ಲು. ದೊಡ್ಡಕ್ಕ, ಹೆಣ್ಣಾಗಿ ನೀನೇ ಹೋಗೋದಾ, ಜನ ಏನಂದಾರು ಅಂದ್ಲು. ಎರಡನೇ ಅಕ್ಕ, ಅವನಿಗೆ ಹೆಂಡ್ತಿ ಮಕ್ಕಳಿದ್ದಾರು ಅಂದ್ಲು. ಅವ್ರ ಪ್ರಾರ್ಥನೆ ಸಭೆಯ ಹಿರಿಯ ಮಾತ್ರ, ತಪ್ಪು ಒಪ್ಕೊಳ್ಳೋಕೆ ಹೊರಟೋರಿಗೆ ದಾರಿ ಬಿಡಿ ಅಂದ್ನಂತೆ.

ಲೊವೀನಾ ತಾನೇ ಕುದುರೆ ಕಟ್ಟಿ ಹೊರಟ್ಲು. ಹೋಗಿ ನೋಡಿದ್ರೆ ಮೆನ್ನೋ ಕೆಲಸದ ಕೊಟ್ಟಿಗೇಲಿ ಬೆನ್ನು ಹಾಕಿ ನಿಂತಿದ್ದ. ಅವ್ರಲ್ಲಿ ಮದುವೆ ಆದ್ಮೇಲೇ ಗಡ್ಡ ಬಿಡೋದಂತೆ. ಇವಳು ಬಾಗಿಲಲ್ಲೇ ನಿಂತು ಅವನ ಹೆಸರು ಕರೆದ್ಲು. ತಿರುಗಿದ. ಗಡ್ಡ ಇರ್ಲಿಲ್ಲ.

“ಕೇಟಿ ಈಗ ಹೇಳಿದ್ಲು. ಅವತ್ತು ನಾನು ಕೇಳ್ಬೇಕಿತ್ತು ಮೆನ್ನೋ, ಕೇಳಲಿಲ್ಲ,” ಅಂದ್ಲಂತೆ.

“ನಾನೂ ಬಾಗಿಲು ಇನ್ನೊಂದ್ಸಲ ತಟ್ಟಬೇಕಿತ್ತು,” ಅಂದ್ನಂತೆ ಅವನು.

ಅವತ್ತು ಅವನು ಮತ್ತೆ ಕೇಳಲಿಲ್ಲ, ಅವಳೇ ಕೇಳಿದ್ಲಂತೆ, ನನ್ನ ಮದುವೆ ಆಗ್ತೀಯಾ ಅಂತ.

ಆಮೇಲೆ ಮದುವೆ ಆಯ್ತು. ಊರಿಗೆಲ್ಲ ಊಟ. ಮೆನ್ನೋಗೆ ಬಂದ ಗಡ್ಡದಲ್ಲಿ ಆಗ್ಲೇ ಬಿಳಿ ಕೂದಲು. ಮುಂದಿನ ಕ್ರಿಸ್‌ಮಸ್‌ಗೆ ಮೇಜಿನ ತುಂಬ ಬಡಿಸಿಟ್ಟು ಲೊವೀನಾ ಖಾಲಿ ಕುರ್ಚಿಗಳನ್ನೇ ನೋಡ್ತಾ ನಿಂತ್ಲಂತೆ. ಯಾಕೆ ಅಂದ. ಅವತ್ತೇ ಕೇಳಿದ್ರೆ ಅಪ್ಪ ಇಲ್ಲಿ ಕೂತಿರ್ತಿದ್ದ, ಆ ಕಡೆ ಮೂರು ಮಕ್ಕಳು ಗಲಾಟೆ ಮಾಡ್ತಿರ್ತಿದ್ವು ಅಂದ್ಲು. ಅವನೂ ಆ ಖಾಲಿ ಜಾಗ ನೋಡಿದ.

“ಹೌದು ಲೊವೀನಾ. ಸೂಪು ಆರ್ತಾ ಇದೆ, ಬಾ, ಇಬ್ರೂ ಕೂತು ಉಣ್ಣೋಣ,” ಅಂದ್ನಂತೆ.

ಕೂತು ಉಂಡ್ರಂತೆ, ಆಮೇಲೆ ಇದ್ದಷ್ಟು ಕಾಲ ಒಬ್ರಿಗೊಬ್ರು ಚೆನ್ನಾಗೇ ಇದ್ರಂತೆ. ಅವ್ರ ಊಟ ಆಯ್ತು, ನನ್ನ ಕತೇನೂ ಮುಗೀತು, ನೀನಿನ್ನು ಮಲಗು ಮಗಾ.