ಪಕ್ಕೆ ಒರಗಿಸಿದ ಟಗರು

“ಗುರುಗಳೇ, ಮೈಯಲ್ಲಿ ಎಲ್ಲಕ್ಕಿಂತ ಮೆತ್ತನೆಯ ಜಾಗ ಯಾವುದು? ಎಲ್ಲಿಗೆ ಒಂದೇ ಒಂದು ಪೆಟ್ಟು ಬಿದ್ದರೆ ವೈರಿ ಮತ್ತೆ ಏಳಲಾರ?” ಎಂದು ಶಿಷ್ಯ ಕೇಳಿದ. ದೊಣ್ಣೆವರಸೆ ಹೊಸದಾಗಿ ಕಲಿತಿದ್ದ; ಕೈ ಸುಮ್ಮನಿರುತ್ತಿರಲಿಲ್ಲ.

“ಕೂತುಕೋ, ಹೇಳುತ್ತೇನೆ,” ಎಂದರು ಗುರುಗಳು.

ಒಬ್ಬ ಕುರಿಗಾಹಿ ಇದ್ದ. ಅವನ ಹತ್ತಿರ ಒಂದು ಕಾಳಗದ ಟಗರಿತ್ತು. ತಾಯಿ ಸತ್ತ ಮರಿ ಅದು. ತನ್ನ ಕಂಬಳಿಯೊಳಗೇ ಮಲಗಿಸಿಕೊಂಡು, ಮೇಕೆಯ ಹಾಲು ಕುಡಿಸಿ ಬದುಕಿಸಿದ್ದ. ಬೆಳೆದು ಬಂಡೆಯ ಹಾಗಾಯಿತು. ಸುತ್ತಲಿನ ಟಗರುಗಳೆಲ್ಲ ಓಡಿ ಬಂದು ಅದರ ಹಣೆಗೆ ಬಡಿದವು. ಬಡಿದವೇ ತೂರಾಡಿ ಹಿಂದೆ ಸರಿದವು. ಇದು ತಲೆ ಕೊಡವಿ ನಿಂತೇ ಇರುತ್ತಿತ್ತು. ಟಗರಿಗೆ ಅಂಥ ಹಣೆ ಇರುವುದೇ ಅದಕ್ಕೆ ನೋಡು.

ಸಂಜೆ ಕುರಿಗಾಹಿ ಹಟ್ಟಿಯ ಮುಂದಿನ ಕಲ್ಲಿನ ಮೇಲೆ ಕೂತರೆ ಮಾತ್ರ ಅದು ಬೇರೆಯದೇ ಆಗುತ್ತಿತ್ತು. ಮೆಲ್ಲಗೆ ಬಂದು, ಅಡ್ಡ ತಿರುಗಿ, ಪಕ್ಕೆಯನ್ನು ಅವನ ಮೊಣಕಾಲಿಗೆ ಒತ್ತಿ ಒರಗುತ್ತಿತ್ತು. ಅವನು ಉಣ್ಣೆಯೊಳಗೆ ಬೆರಳಾಡಿಸಿ ಮುಳ್ಳು ತೆಗೆಯುತ್ತಿದ್ದ. ಆ ಭಾರಕ್ಕೆ ಕಾಲು ಜೋಮು ಹಿಡಿದರೂ ಎಳೆದುಕೊಳ್ಳುತ್ತಿರಲಿಲ್ಲ.

ಒಂದು ಕಾಳಗದಲ್ಲಿ ಎದುರಿನ ಟಗರು ಓಡಿ ಬಂತು. ಇದು ಅದೇಕೋ ಢಿಕ್ಕಿ ಕೊಡಲಿಲ್ಲ. ಹಿಂದಕ್ಕೆ ತಿರುಗಿ, ಜನರನ್ನು ದಾಟಿ ನೇರವಾಗಿ ಕುರಿಗಾಹಿಯ ಹತ್ತಿರ ಬಂದು, ಎಂದಿನಂತೆ ಅಡ್ಡ ನಿಂತು ಒರಗಿತು.

“ಏನಪ್ಪಾ, ನಿನ್ನ ಟಗರಿಗೆ ತವರುಮನೆ ನೆನಪಾಯಿತೇ? ಕುಪ್ಪಸ ಕೊಟ್ಟು ಅರಿಶಿನ ಕುಂಕುಮ ಇಟ್ಟು ಕಳಿಸು!” ಎಂದು ಯಾರೋ ಕೂಗಿದರು. ಜನ ಬಿದ್ದು ಬಿದ್ದು ನಕ್ಕರು.

ಕುರಿಗಾಹಿಗೆ ತಲೆ ಎತ್ತಲಾಗಲಿಲ್ಲ. ಕೈಯಲ್ಲಿದ್ದ ಕೋಲನ್ನು ತಿರುಗಿಸಿ ಹಿಡಿದ. ಅದರ ದಪ್ಪ ಬುಡದಿಂದ, ಒರಗಿ ನಿಂತ ಆ ಪಕ್ಕೆಗೇ ಗುದ್ದಿದ.

ರಕ್ತ ಬರಲಿಲ್ಲ. ತೊಗಲು ತರಚಲಿಲ್ಲ. ಟಗರು ಕೂಗಲೂ ಇಲ್ಲ. ಅವನ ಮುಖ ನೋಡಿತು, ಅಷ್ಟೇ.

ಕಾಳಗದಿಂದ ಬಂದ ಟಗರಿಗೆ ಹಣೆ ನೋಡಿ ಮದ್ದು ಹಚ್ಚುವುದು ಸಾಕಿದವರ ವಾಡಿಕೆ. ಅವನೂ ಹಣೆ ಒತ್ತಿ ನೋಡಿದ, ಅರಿಶಿನದೆಣ್ಣೆ ಸವರಿದ, ಏನೂ ಆಗಿಲ್ಲ ಎಂದುಕೊಂಡ. ಮರುದಿನ ಟಗರು ಮೇವು ಬಿಟ್ಟಿತು. ಮೆಲುಕು ನಿಂತಿತು. ಉಚ್ಚೆ ಕೆಂಪಗೆ ಹೋಯಿತು. ಅವನು ಗಾಬರಿಯಾಗಿ ಮತ್ತೆ ಹಣೆಗೇ ಎಣ್ಣೆ ಹಚ್ಚಿದ.

ಅವನ ಹೆಂಡತಿಗೆ ಕಾಳಗದ ಸುದ್ದಿ ಆಗಲೇ ತಲುಪಿತ್ತು. “ಹಣೆಗೆ ಏನು ಬಳಿಯುತ್ತೀರಿ? ಅದು ನಿಮ್ಮ ಹತ್ತಿರ ಹಣೆ ಮುಂದೆ ಮಾಡಿಕೊಂಡು ಬಂದಿತ್ತೇ?” ಎಂದಳು. ಅವನ ಕೈ ಹಿಡಿದು ಪಕ್ಕೆಯ ಕೆಳಗೆ ಇಟ್ಟಳು. “ಇಲ್ಲಿ ಮುಟ್ಟಿ. ಎಲುಬು ಮುಗಿದ ಜಾಗ ಇದು. ಹಣೆಗೆ ಬಿದ್ದದ್ದನ್ನು ಎಲುಬು ತಡೆಯುತ್ತದೆ. ಇಲ್ಲಿ ತಡೆಯುವುದಕ್ಕೆ ಏನಿದೆ? ತೊಗಲು ಹಾಗೇ ಇರುತ್ತದೆ, ಒಳಗೆ ಒಡೆದಿರುತ್ತದೆ.”

ಅವನ ಅಂಗೈ ಕೆಳಗೆ ಟಗರು ನಡುಗಿತು.

ಅಲುಗಾಡಿಸದೆ ಮಲಗಿಸಿದರು. ಬೊಗಸೆಯಲ್ಲಿ ಗಂಜಿ ಕುಡಿಸಿದರು. ದೇವರು ದೊಡ್ಡವನು, ಟಗರು ಉಳಿಯಿತು, ಎದ್ದು ಮೇಯತೊಡಗಿತು. ಕಾಳಗಕ್ಕೆ ಅವನು ಮತ್ತೆ ಒಯ್ಯಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದೇ. ಸಂಜೆಯಾದರೆ ಕಲ್ಲಿನ ಮೇಲೆ ಕೂತು, ಮೊಣಕಾಲು ಚಾಚಿ ಕಾಯುತ್ತಿದ್ದ. ಬೇರೆ ಕುರಿಗಳು ಬಂದು ಒರಗುತ್ತಿದ್ದವು. ಅವುಗಳ ಮೈ ಸವರುತ್ತಲೇ ಅವನ ಕಣ್ಣು ದೂರದಲ್ಲೇ ನಿಂತ ಟಗರಿನ ಕಡೆ ಹೋಗುತ್ತಿತ್ತು. ಆ ಭಾರ ಇವುಗಳಲ್ಲಿ ಇರಲಿಲ್ಲ.

ಮಳೆಗಾಲ ಕಳೆದು ಹುಲ್ಲು ಒಣಗಿದ ಕಾಲಕ್ಕೆ, ಒಂದು ಸಂಜೆ ಟಗರು ತಾನಾಗಿಯೇ ಅವನ ಕಡೆ ಹೊರಟಿತು. “ಬಾ ಮಗನೇ, ಬಾರೋ,” ಎಂದು ಅವನು ಉಳಿದ ಕುರಿಗಳನ್ನು ಸರಿಸಿ ಜಾಗ ಮಾಡಿ ಕೈ ಚಾಚಿದ. ಟಗರು ಕೈಯಳತೆಯ ದೂರದಲ್ಲಿ ನಿಂತಿತು. ಅಡ್ಡ ತಿರುಗಲಿಲ್ಲ. ಕಾಲು ಊರಿ, ತಲೆ ತಗ್ಗಿಸಿ, ಅವನಿಗೆ ಹಣೆ ಕೊಟ್ಟು ನಿಂತಿತು.

ಅವನ ಚಾಚಿದ ಕೈ ಹಾಗೇ ಉಳಿಯಿತು.

ಗುರುಗಳು ಶಿಷ್ಯನ ಕಡೆ ನೋಡಿ ಹೇಳಿದರು: “ನೀನು ಕೇಳಿದ ಜಾಗ ವೈರಿಯ ಮೈಯಲ್ಲಿ ಸಿಗುವುದಿಲ್ಲ ಮಗು, ಅವನು ಅದನ್ನು ನಿನ್ನ ಕಡೆಗೆ ತಿರುಗಿಸುವುದೇ ಇಲ್ಲ.”