ಕಬ್ಬಿಣ ತಾಗದ ಬೇರು

"ಗುರುಗಳೇ, ನಿಯಮವನ್ನು ಕೂದಲೆಳೆಯಷ್ಟೂ ಮೀರದೆ ನಡೆದವನ ಕೈಯಿಂದಲೂ ಕೆಡುಕು ಆಗುವುದುಂಟೇ?" ಎಂದು ಗಾದಿಲಿಂಗ ಕೇಳಿದ.

ಮಠದ ಶಿಷ್ಯರಲ್ಲಿ ಗಾದಿಲಿಂಗ ಎಲ್ಲರಿಗಿಂತ ಅಚ್ಚುಕಟ್ಟಿನವನು. ಗಂಟೆ ಬಾರಿಸುವ ಹೊತ್ತು, ನೀರು ತರುವ ಕ್ರಮ, ಎಲೆ ಎತ್ತುವ ರೀತಿ, ಯಾವುದರಲ್ಲೂ ಅವನು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಅದು ಅವನಿಗೆ ಸ್ವಲ್ಪ ಹೆಮ್ಮೆಯ ವಿಷಯವೂ ಆಗಿತ್ತು. ಇಲ್ಲ ಎಂಬ ಉತ್ತರ ಬರುತ್ತದೆಂದೇ ಅವನು ಕಾದು ಕುಳಿತ. ಗುರುಗಳು ಉಂಟು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಕತೆ ಹೇಳತೊಡಗಿದರು.

ಒಂದು ಕಾಡುಸೀಮೆಯಲ್ಲಿ ಒಬ್ಬ ನಾಟಿವೈದ್ಯನಿದ್ದ. ಮುರಿದ ಮೂಳೆ ಕೂಡಿಸುವುದು ಅವನ ಮನೆತನದ ಕೆಲಸ. ಒಂದು ಬೇರನ್ನು ಅರೆದು ಹಚ್ಚಿ, ಮೇಲೆ ಬಿದಿರಿನ ದಬ್ಬೆ ಕಟ್ಟುತ್ತಿದ್ದ. ಊರವರು ಅದನ್ನು ಕೂಡುಬೇರು ಎನ್ನುತ್ತಿದ್ದರು. ಊರ ಹಿಂದಿನ ಕೆಂಪು ಬೆಟ್ಟದ ಮೂಡಣ ಮಗ್ಗುಲನ್ನು ಬಿಟ್ಟರೆ ಆ ಗಿಡ ಬೇರೆಲ್ಲೂ ಹುಟ್ಟುತ್ತಿರಲಿಲ್ಲ. ಹಿತ್ತಿಲಿಗೆ ತಂದು ನೆಟ್ಟು ನೋಡಿದ್ದ. ಅದು ನಾಲ್ಕು ದಿನ ಮುಖ ಸಣ್ಣ ಮಾಡಿಕೊಂಡಿದ್ದು ಒಣಗಿಹೋಯಿತು.

ಆ ಬೇರನ್ನು ಕೀಳುವುದಕ್ಕೆ ಒಂದು ನಿಯಮವಿತ್ತು. ಗಿಡಕ್ಕೆ ಕಬ್ಬಿಣ ತಾಗಬಾರದು. ತಾಗಿದರೆ ಅದು ಔಷಧಿಯಲ್ಲ, ಬರೀ ಸೌದೆ. ಅದಕ್ಕೇ ಅವನು ಕಾಡಿನಲ್ಲಿ ಉದುರಿ ಬಿದ್ದ ಜಿಂಕೆಯ ಕೊಂಬನ್ನು ತಂದಿಟ್ಟುಕೊಂಡು ಅದರಿಂದಲೇ ಅಗೆಯುತ್ತಿದ್ದ. ಬೆಟ್ಟದ ಬುಡದ ಬಂಡೆಯ ಮೇಲೆ ಮಚ್ಚು, ಉಡಿದಾರದ ಬೀಗದ ಕೈ ಎಲ್ಲ ಬಿಚ್ಚಿಟ್ಟು ಹತ್ತುತ್ತಿದ್ದ. ಒಮ್ಮೆ ಅರ್ಧ ಬೆಟ್ಟ ಏರಿದ ಮೇಲೆ ಅಂಗಿಗೆ ಗುಂಡಿಯ ಬದಲು ಪಿನ್ನು ಹಾಕಿಕೊಂಡಿರುವುದು ಕಂಡಿತು. ಇಳಿದು ಬಂದು ಪಿನ್ನು ತೆಗೆದಿಟ್ಟು, ಎದೆ ಬಿಟ್ಟುಕೊಂಡು ಮತ್ತೆ ಹತ್ತಿದ. ಹೆಂಡತಿ ಈ ಸಂಗತಿಯನ್ನು ನೆಂಟರು ಬಂದಾಗಲೆಲ್ಲ ಹೇಳಿ ನಗುತ್ತಿದ್ದಳು. ಅವನೂ ನಗುತ್ತಿದ್ದ, ಆದರೆ ಪಿನ್ನು ಹಾಕಿಕೊಂಡು ಮಾತ್ರ ಎಂದೂ ಹತ್ತಲಿಲ್ಲ.

ಈ ನಿಯಮ ಯಾಕೆ ಎಂದು ಚಿಕ್ಕಂದಿನಲ್ಲಿ ಅಪ್ಪನನ್ನು ಕೇಳಿದ್ದ. ನಮ್ಮಪ್ಪನನ್ನು ನಾನು ಕೇಳಿರಲಿಲ್ಲ ಎಂದು ಅಪ್ಪ ಹೇಳಿದ್ದ. ಅಲ್ಲಿಗೆ ಆ ಮಾತು ಮುಗಿದಿತ್ತು.

ಹೀಗಿರುವಾಗ ಆ ಬೆಟ್ಟದ ಕಲ್ಲಿಗೆ ದೂರದ ದೇಶಗಳಲ್ಲಿ ಬೆಲೆ ಬಂತು. ಒಬ್ಬ ಗಣಿ ಸಾಹುಕಾರ ಪರವಾನಗಿ ಹಿಡಿದು ಬಂದ. ಬೆಟ್ಟದಲ್ಲಿ ಔಷಧಿ ಇದೆ, ಅಗೆಯಲು ಬಿಡುವುದಿಲ್ಲ ಎಂದು ಊರವರು ದಾರಿಗೆ ಅಡ್ಡ ಕುಳಿತರು. ಸಾಹುಕಾರ ಗಲಾಟೆ ಮಾಡುವ ಜಾತಿಯವನಲ್ಲ. ತಿಳಿದವರ ಮಾತಿನಂತೆ ನಡೆಯೋಣ, ವೈದ್ಯರು ಎಲ್ಲಿ ಬೇಡ ಎನ್ನುತ್ತಾರೋ ಅಲ್ಲಿಗೆ ನಾನು ಕಾಲಿಡುವುದಿಲ್ಲ ಎಂದ. ಊರವರಿಗೆ ಇದು ನ್ಯಾಯವಾಗಿಯೇ ಕಂಡಿತು. ಹಿರಿಯರೆಲ್ಲ ಕಟ್ಟೆಯ ಮೇಲೆ ಸೇರಿ ವೈದ್ಯನನ್ನು ಕರೆಸಿದರು.

ಅಷ್ಟು ಮಂದಿಯ ಮುಂದೆ ನಿಂತು ಮಾತಾಡುವುದು ವೈದ್ಯನಿಗೆ ರೂಢಿಯಿರಲಿಲ್ಲ. ಅವನಿಗೆ ಗಟ್ಟಿಯಾಗಿ ಗೊತ್ತಿದ್ದುದು ಒಂದೇ ಮಾತು. ಅದನ್ನೇ ಹೇಳಿದ.

"ಕಬ್ಬಿಣ ತಾಗದ ಗಿಡ ಎಲ್ಲೆಲ್ಲಿ ಅದಾವೋ ಅಲ್ಲಿ ಅಗೀಬಾರ್ದು."

ಸಾಹುಕಾರ ಆ ಮಾತನ್ನು ಎಲ್ಲರ ಎದುರು ಮತ್ತೊಮ್ಮೆ ಹೇಳಿಸಿಕೊಂಡು, ತಲೆಬಾಗಿ ಒಪ್ಪಿದ. ಮೂಡಣ ಮಗ್ಗುಲು ಊರಿಗೆ ಉಳಿಯಿತು. ಪಡುವಣ ಮಗ್ಗುಲಲ್ಲೂ ಕಾಡೇನೋ ಇತ್ತು, ನೀರಿನ ಊಟೆಯೂ ಇತ್ತು. ಆದರೆ ಅಲ್ಲಿಗೆ ಊರವರು ಸೌದೆಗೆಂದು ಮಚ್ಚು, ಮೇವಿಗೆಂದು ಕುಡುಗೋಲು ಹಿಡಿದು ಹೋಗುತ್ತಿದ್ದರು. ಅಲ್ಲಿನ ಗಿಡಗಳಿಗೆ ಕಬ್ಬಿಣ ತಾಗಿಯಾಗಿತ್ತು. ಹಾಗಾಗಿ ಅದು ಗಣಿಗೆ ಹೋಯಿತು. ಊರವರು ಅಂದು ವೈದ್ಯನನ್ನು ಹೊಗಳಿದ್ದೇ ಹೊಗಳಿದ್ದು. ಅರ್ಧ ಬೆಟ್ಟ ಉಳಿಸಿದ ಎಂದರು. ಅರ್ಧ ಬೆಟ್ಟ ಕೊಟ್ಟ ಎಂದು ಯಾರೂ ಅನ್ನಲಿಲ್ಲ.

ಆಮೇಲೆ ಧೂಳು ಶುರುವಾಯಿತು. ಪಡುವಣದಲ್ಲಿ ಸಿಡಿಮದ್ದು ಹಾರಿದರೆ ಮೂಡಣದ ಎಲೆಗಳ ಮೇಲೆ ಧೂಳು ಬಂದು ಕೂರುತ್ತಿತ್ತು. ಲಾರಿಗಳು ಬೆಟ್ಟದ ಬುಡ ಸುತ್ತಿ ಹೋಗುವಾಗ ಇನ್ನಷ್ಟು ಎದ್ದು ಕೂರುತ್ತಿತ್ತು. ಇಬ್ಬನಿಗೆ ನೆನೆದು ಬಿಸಿಲಿಗೆ ಒಣಗಿ, ಗೋಡೆಗೆ ಬಳಿದ ಕೆಮ್ಮಣ್ಣಿನಂತೆ ಎಲೆಗೆ ಅಂಟಿಕೊಂಡಿತು. ತಂಗಡಿ ಗಿಡದ ಹಳದಿ ಹೂ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಜೇನುಹುಳು ಬರುವುದು ಕಡಿಮೆಯಾಯಿತು. ಹೂ ಕಾಯಿ ಕಟ್ಟಲಿಲ್ಲ, ಕಟ್ಟಿದ ಕಾಯಿ ಬೀಜಕ್ಕೆ ಬರಲಿಲ್ಲ. ಹಳೆಯ ಗಿಡಗಳು ಹೇಗೋ ಜೀವ ಹಿಡಿದುಕೊಂಡಿದ್ದವು, ಹೊಸ ಸಸಿ ತಲೆ ಎತ್ತಲಿಲ್ಲ. ವೈದ್ಯ ಇದನ್ನೆಲ್ಲ ನೋಡಿದ. ನೋಡಿ ಸಂಕಟಪಟ್ಟ. ಆದರೆ ತಾನು ಕಟ್ಟೆಯ ಮೇಲೆ ಆಡಿದ ಮಾತಿಗೂ ಇದಕ್ಕೂ ಸಂಬಂಧವಿದೆ ಎಂದು ಅವನಿಗೆ ಹೊಳೆಯಲಿಲ್ಲ.

ಒಂದು ದಿನ ಅವನು ಕೊಂಬು ಹಿಡಿದು ಬೆಟ್ಟ ಹತ್ತುವಾಗ ಗಣಿಯ ಮೇಸ್ತ್ರಿಯೊಬ್ಬ ಎದುರಾದ. ಇಷ್ಟೊಂದು ಮಣ್ಣು ಒಯ್ದು ಏನು ಮಾಡುತ್ತೀರಿ ಎಂದು ವೈದ್ಯ ಕೇಳಿದ. ಮೇಸ್ತ್ರಿಗೆ ನಗು ಬಂತು. ಇದು ಮಣ್ಣಲ್ಲ ಯಜಮಾನರೇ, ಕಬ್ಬಿಣ, ನಿಮ್ಮ ಮನೆಯ ಮೊಳೆ ಮಚ್ಚೆಲ್ಲ ಆಗುವುದು ಇದರಿಂದಲೇ ಎಂದು ಹೇಳಿ ಹೋದ.

ಬೆಟ್ಟದ ಕಲ್ಲು ತೂಕದ್ದು ಎಂದು ವೈದ್ಯನಿಗೆ ಗೊತ್ತಿತ್ತು. ಅದನ್ನು ಕರಗಿಸಿ ಏನೇನೋ ಮಾಡುತ್ತಾರೆ ಎಂದೂ ಕೇಳಿದ್ದ. ಆದರೆ ಅವನ ಪಾಲಿಗೆ ಕಬ್ಬಿಣವೆಂದರೆ ಕೈಯಲ್ಲಿ ಹಿಡಿಯುವ ಮಚ್ಚು, ಗುದ್ದಲಿ. ಧೂಳಿಗೂ ಅದೇ ಹೆಸರಿದೆ ಎಂಬುದು ಅಂದಿನವರೆಗೆ ತಲೆಗೆ ಬಂದಿರಲಿಲ್ಲ. ಕೂಡುಬೇರಿನ ಗಿಡದ ಎಲೆಯ ಮೇಲೆ ಬೆರಳಾಡಿಸಿದ. ಬೆರಳು ಕೆಂಪಾಯಿತು. ಕೊಂಬನ್ನು ನೆಲಕ್ಕೆ ಮುಟ್ಟಿಸದೆ ಇಳಿದು ಬಂದ.

ಮನೆಯಲ್ಲಿ ಕುರಿ ಕಾಯುವ ಹೆಂಗಸೊಬ್ಬಳು ಕಾದಿದ್ದಳು. ಜಾರಿ ಬಿದ್ದು ಮುಂಗೈ ಮುರಿದುಕೊಂಡಿದ್ದಳು. ವೈದ್ಯ ದಬ್ಬೆ ಕಟ್ಟಿದ, ಬೇರು ಹಚ್ಚಲಿಲ್ಲ. ಗಿಡಕ್ಕೆ ಕಬ್ಬಿಣ ತಾಗಿದೆ, ಅದು ಇನ್ನು ಔಷಧಿಯಲ್ಲ ಎಂದ. ಅವಳ ಅವ್ವನ ಕಾಲು, ಗಂಡನ ಭುಜ ಕೂಡಿದ್ದು ಇದೇ ಮನೆಯ ಬೇರಿನಿಂದ. ನೋವಿನಲ್ಲೂ ಅವಳು ಅವನ ಮುಖವನ್ನೇ ನೋಡಿದಳು. ಕೊನೆಗೆ ಎದ್ದು ಹೋದಳು.

ಅವಳು ಹೊಸಿಲು ದಾಟುವುದನ್ನೇ ಕಾಯುತ್ತಿದ್ದ ಹೆಂಡತಿ ಆಮೇಲೆ ಬಾಯಿಬಿಟ್ಟಳು.

"ಧೂಳು ಕುಂತಿದ್ದು ಎಲಿ ಮ್ಯಾಲೆ. ನೀವು ಅರೆಯೋದು ಬೇರು. ಆ ಬೇರು ಇಷ್ಟು ದಿನ ಎಲ್ಲಿತ್ತು? ಗಾಳ್ಯಾಗ ಇತ್ತೇನು? ಇದೇ ಕೆಂಪು ಮಣ್ಣಾಗ ಇತ್ತಲ್ಲ."

ಅವಳು ಹೇಳಿದ್ದು ಅವನನ್ನು ಸಮಾಧಾನ ಮಾಡುವುದಕ್ಕೆ. ಅವನು ಮಾತ್ರ ಆ ಮಾತನ್ನೇ ಹಿಡಿದು ಲೆಕ್ಕ ಹಾಕತೊಡಗಿದ. ಧೂಳು ಕಬ್ಬಿಣವಾದರೆ ಮಣ್ಣೂ ಕಬ್ಬಿಣ. ಮಣ್ಣು ಕಬ್ಬಿಣವಾದರೆ ಹುಟ್ಟಿದಂದಿನಿಂದ ಗಿಡ ಕಬ್ಬಿಣದೊಳಗೇ ನಿಂತಿದೆ. ಹಾಗಾದರೆ ಅಪ್ಪ, ಅಜ್ಜ, ಮುತ್ತಜ್ಜ ಅರೆದು ಹಚ್ಚಿದ್ದೆಲ್ಲ ಸೌದೆಯೇ? ಸೌದೆಯಾದರೆ ಮೂಳೆ ಕೂಡಿದ್ದು ಹೇಗೆ? ಮೂಳೆ ಕೂಡಿದ್ದು ನಿಜವಾದರೆ ನಿಯಮವೇ ಸುಳ್ಳೇ? ಯಾವ ಕಡೆಯಿಂದ ಹೊರಟರೂ ಅವನು ಹೊರಟಲ್ಲಿಗೇ ಬಂದು ನಿಲ್ಲುತ್ತಿದ್ದ.

ಒಂದು ಹಿಡಿ ಧೂಳು ಕಟ್ಟಿಕೊಂಡು ಊರ ಕಮ್ಮಾರನ ಹತ್ತಿರ ಹೋದ. ಇದು ಕಬ್ಬಿಣವೇ ಎಂದು ಕೇಳಿದ. ಕಮ್ಮಾರ ತಿದಿ ಒತ್ತುತ್ತಲೇ, ಕಾಯಿಸಿದರೆ ಕಬ್ಬಿಣ, ಕಾಯಿಸದಿದ್ದರೆ ಮಣ್ಣು ಎಂದ. ವೈದ್ಯನಿಗೆ ಗೋಜಲು ಇನ್ನೂ ಹೆಚ್ಚಿತು. ಬೆಟ್ಟದ ಮೇಲಿನ ಬಿಸಿಲು ಕಾಯಿಸಿದ ಲೆಕ್ಕವೋ ಅಲ್ಲವೋ ಎಂದು ಕೇಳಬೇಕೆನಿಸಿತು. ಕೇಳಿದರೆ ನಗುತ್ತಾನೆ ಎಂದು ಸುಮ್ಮನೆ ಎದ್ದು ಬಂದ.

ತೊಳೆದು ನೋಡೋಣ ಎಂದುಕೊಂಡ. ಮೈಲಿಗೆಯಾದವರು ಮಿಂದರೆ ಮಡಿಯಾಗುವುದಿಲ್ಲವೇ? ಗಂಡ ಹೆಂಡತಿ ಇಬ್ಬರೂ ಮಣ್ಣಿನ ಕೊಡ ಹೊತ್ತು ಬೆಟ್ಟ ಹತ್ತಿದರು. ಒದ್ದೆ ಬಟ್ಟೆಯಿಂದ ಒಂದು ಗಿಡದ ಎಲೆಗಳನ್ನೆಲ್ಲ ಒರೆಸಿದರು. ಎಷ್ಟೋ ದಿನಗಳ ಮೇಲೆ ಹಸಿರು ಕಂಡಿತು. ವೈದ್ಯನಿಗೆ ಊರು ಬಿಟ್ಟು ಹೋಗಿದ್ದ ಗೆಳೆಯ ಸಿಕ್ಕಷ್ಟು ಸಂತೋಷವಾಯಿತು. ಇನ್ನೊಂದು ಗಿಡ ಒರೆಸಿ ಮುಗಿಸುವಷ್ಟರಲ್ಲಿ ಆಚೆಯಿಂದ ಢಮ್ ಎಂದಿತು. ತಿರುಗಿ ನೋಡಿದರೆ ಮೊದಲಿನ ಗಿಡ ಮತ್ತೆ ಕೆಂಪು. ಹೆಂಡತಿ ಬಟ್ಟೆ ಹಿಂಡಿ ಹೆಗಲಿಗೆ ಹಾಕಿಕೊಂಡು ಇಳಿದುಬಿಟ್ಟಳು.

ಅವನು ಇಳಿಯಲಿಲ್ಲ. ಧೂಳು ತಾಗದ ಕೂಡುಬೇರಿನ ಗಿಡಕ್ಕಾಗಿ ಬೆಟ್ಟವನ್ನೆಲ್ಲ ಹುಡುಕುತ್ತಾ ಹೋದ. ಎರಡು ಬಂಡೆಗಳ ಸಂದಿನಲ್ಲಿ, ಗಾಳಿ ಬಾರದ ಕಡೆ, ಒಂದು ಗಿಡ ಸಿಕ್ಕಿತು. ಎಲೆಯ ಮೇಲೆ ಧೂಳಿನ ಕಣವೂ ಇರಲಿಲ್ಲ. ಖುಷಿಯಿಂದ ಕೊಂಬು ಎತ್ತಿದವನು ಬುಡ ನೋಡಿದ. ಬುಡದ ಮಣ್ಣು ಕೆಂಪಗಿತ್ತು. ಹೆಂಡತಿಯ ಮಾತು ನೆನಪಾಯಿತು. ಕೊಂಬು ಕೆಳಗಿಳಿಸಿದ. ಕೀಳಬೇಕೋ ಬಿಡಬೇಕೋ ತಿಳಿಯದೆ ಹೊತ್ತು ಇಳಿಯುವವರೆಗೂ ಅದರ ಮುಂದೆ ಕೂತಿದ್ದು, ಬರಿಗೈಯಲ್ಲಿ ಮನೆಗೆ ಬಂದ. ಬಂಡೆ ಸಂದಿನ ಗಿಡದ ಸುದ್ದಿಯನ್ನು ಹೆಂಡತಿಗೆ ಹೇಳಿದ.

ಮೂಳೆ ಕೂಡಿಸುವವನು ಬೇರು ಹಚ್ಚದೆ ಕಳಿಸುತ್ತಿದ್ದಾನೆ ಎಂಬ ಮಾತು ಅಷ್ಟರಲ್ಲಿ ಊರೂರು ತಿರುಗಿ ಸಾಹುಕಾರನ ಕಿವಿಗೂ ಬಿದ್ದಿತ್ತು. ಅವನು ಹಿರಿಯರನ್ನು ಮತ್ತೆ ಕಟ್ಟೆಗೆ ಸೇರಿಸಿದ. ಈ ಸಲವೂ ಗಲಾಟೆ ಮಾಡಲಿಲ್ಲ.

"ವೈದ್ಯರೇ, ನಿಮ್ಮ ಮಾತನ್ನು ನಾನು ಮೀರಿಲ್ಲ. ಮೂಡಣ ಮಗ್ಗುಲಿಗೆ ಒಂದು ಗುದ್ದಲಿ ಕೂಡ ಹಾಕಿಲ್ಲ. ಈಗ ನೀವೇ ಹೇಳಿ. ಕಬ್ಬಿಣ ತಾಗದ ಗಿಡ ಅಲ್ಲಿ ಒಂದಾದರೂ ಉಳಿದಿದೆಯೇ?"

ಊರಿಗೆ ಊರೇ ವೈದ್ಯನ ಬಾಯಿ ನೋಡಿತು. ಅವನು ಇದೆ ಎಂದು ಒಂದು ಮಾತು ಹೇಳಿದ್ದರೆ ಬೆಟ್ಟ ಉಳಿಯುತ್ತಿತ್ತು. ಬಂಡೆ ಸಂದಿನ ಗಿಡ ಐತಲ್ಲ, ಅದನ್ನಾದರೂ ಹೇಳ್ರಿ ಎಂದು ಹಿಂದೆ ನಿಂತ ಹೆಂಡತಿ ಮೆಲ್ಲಗೆ ಅಂದಳು. ಅದರ ಬೇರೂ ಕೆಂಪು ಮಣ್ಣಿನಲ್ಲೇ ಇದೆ, ಹಾಗೆ ಹೇಳಿದವಳು ನೀನೇ ಅಲ್ಲವೇ ಎಂದು ಅವನು ಮನಸ್ಸಿನಲ್ಲೇ ಅಂದುಕೊಂಡ. ಧೂಳೂ ಕಬ್ಬಿಣವಲ್ಲ, ಮಣ್ಣೂ ಕಬ್ಬಿಣವಲ್ಲ ಎಂದುಬಿಡಬಹುದಿತ್ತು. ಆದರೆ ಗುಂಪಿನ ಅಂಚಿನಲ್ಲಿ ಕುರಿ ಕಾಯುವ ಹೆಂಗಸು ಕೈಯನ್ನು ಕೊರಳಿಗೆ ಕಟ್ಟಿಕೊಂಡು ನಿಂತಿದ್ದಳು. ಹಾಗೆಂದರೆ ಅವಳನ್ನು ಸುಮ್ಮಸುಮ್ಮನೆ ನೋವಿನಲ್ಲಿ ಕಳಿಸಿದಂತಾಗುತ್ತಿತ್ತು. ಮೊನ್ನೆ ಒಂದು, ಇವತ್ತು ಒಂದು ಹೇಳಿದರೆ ತನ್ನ ಮಾತಿಗೆ ಏನು ಬೆಲೆ? ಬೆಟ್ಟ ದೊಡ್ಡದೋ ಮಾತು ದೊಡ್ಡದೋ ಎಂದು ಅವನು ಕೇಳಿಕೊಳ್ಳಲಿಲ್ಲ. ಅವನ ತಲೆ ಅಷ್ಟು ಕೆಟ್ಟಿತ್ತು. ನಿಯಮ ಏನು ಹೇಳುತ್ತದೆ ಎಂಬುದೊಂದನ್ನೇ ಹಿಡಿದುಕೊಂಡ.

"ಇಲ್ಲ. ಎಲ್ಲದಕ್ಕೂ ತಾಗೈತಿ," ಎಂದ.

ಸಾಹುಕಾರ ಕೈ ಮುಗಿದ. ಇಂಥ ಸತ್ಯವಂತರು ಈ ಕಾಲದಲ್ಲಿ ಸಿಗುವುದಿಲ್ಲ ಎಂದ. ಅಣಕಿಸಿ ಹೇಳಿದ್ದಲ್ಲ, ನಿಜವಾಗಿಯೂ ಮೆಚ್ಚಿಯೇ ಹೇಳಿದ. ಹಿರಿಯರು ಹೆಗಲ ವಸ್ತ್ರ ಕೊಡವಿಕೊಂಡು ಎದ್ದರು.

ಯಂತ್ರ ಮೂಡಣ ಮಗ್ಗುಲು ಹತ್ತಿದ ದಿನ ವೈದ್ಯ ಹೆಂಡತಿಯ ಜೊತೆ ಬೆಟ್ಟದ ಬುಡದಲ್ಲಿ ನಿಂತಿದ್ದ. ಯಂತ್ರ ಬಾಚಿ ಸುರಿದ ಮಣ್ಣು ಉರುಳುತ್ತಾ ಅವರ ಕಾಲ ಬಳಿಗೆ ಬಂತು. ಅದರಲ್ಲಿ ಆಳುದ್ದದ ಒಂದು ಬೇರಿತ್ತು. ಇದು ಯಾವ ಮರದ್ದು ಎಂದು ಅವನು ಕೇಳಿದ. ಹೆಂಡತಿ ಒಂದು ಚೂರು ಮುರಿದು ಮೂಸಿ ನೋಡಿ, ಕೂಡುಬೇರು ಎಂದಳು. ಅವನು ನಂಬಲಿಲ್ಲ. ತಾನೂ ಮೂಸಿದ. ಆ ಬೇರನ್ನು ಎರಡೂ ಕೈಯಲ್ಲಿ ಎತ್ತಿ ಬುಡದಿಂದ ತುದಿಯವರೆಗೆ ನೋಡಿದ. ಜೀವಮಾನವೆಲ್ಲ ಕಿತ್ತ ಬೇರು, ಅದಕ್ಕೆ ಹೀಗೊಂದು ತುದಿ ಇದೆ ಎಂದು ಅವನು ಕಂಡದ್ದು ಅಂದೇ.

ನಾನು ಸುಳ್ಳು ಹೇಳಲಿಲ್ಲವಲ್ಲ ಎಂದು ಹೆಂಡತಿಯನ್ನು ಕೇಳಿದ. ಇಲ್ಲ ಎಂದಳು. ನಿಯಮ ಮುರಿಯಲಿಲ್ಲವಲ್ಲ ಎಂದ. ಅದಕ್ಕೂ ಇಲ್ಲ ಎಂದಳು. ಮತ್ತೆ ಬೆಟ್ಟ ಯಾಕೆ ಹೋಯಿತು ಎಂದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಗಾದಿಲಿಂಗನಿಗೂ ತಲೆ ಕೆಟ್ಟಂತಾಗಿತ್ತು. ವೈದ್ಯ ಸುಳ್ಳು ಹೇಳಬೇಕಿತ್ತೇ ಎಂದು ಕೇಳಿದ. ಗುರುಗಳು ಅಲ್ಲವೆಂದು ತಲೆಯಾಡಿಸಿದರು. ಹಾಗಾದರೆ ನಿಯಮವೇ ತಪ್ಪೇ ಎಂದ. ಅದಕ್ಕೂ ಅಲ್ಲವೆಂದೇ ತಲೆಯಾಡಿಸಿದರು. ಗಾದಿಲಿಂಗ ಕೊನೆಗೆ ಮೆತ್ತಗಿನ ದನಿಯಲ್ಲಿ ಕೇಳಿದ.

"ಗಿಡಕ್ಕೆ ಕಬ್ಬಿಣ ತಾಗಬಾರದು ಎಂದು ಹಿರಿಯರು ಹೇಳಿದ್ದಾದರೂ ಯಾಕೆ, ಗುರುಗಳೇ?"

"ಗುದ್ದಲಿ ಹಾಕಿದರೆ ಬೇರು ತುದಿಯವರೆಗೂ ಕಿತ್ತು ಬರುತ್ತದೆ. ಕೊಂಬಿನಿಂದ ಅಗೆದರೆ ತುದಿ ನೆಲದಲ್ಲೇ ಉಳಿದು ಮತ್ತೆ ಚಿಗುರುತ್ತದೆ," ಎಂದರು ಗುರುಗಳು.