ಎಡಕ್ಕೆ ಬಿದ್ದ ಹೂವು

ಆ ಹೊಳೆ ಎಷ್ಟಗಲ ಅಂದ್ರೆ, ಈ ದಡದಲ್ಲಿ ದೋಣಿ ಹತ್ತಿದ ಕೋಳಿಮರಿ ಆ ದಡದಲ್ಲಿ ಮೊಟ್ಟೆ ಇಡ್ತಾ ಇಳೀತಿತ್ತು. ಅನುಮಾನ ಇದ್ರೆ ಕೋಳೀನೇ ಕೇಳಿ.

ಈ ದಡದಲ್ಲೊಂದು ಮಠ, ಮಠದಲ್ಲೊಬ್ರು ಗುರುಗಳು. ಊರೋರೆಲ್ಲ ಅವರನ್ನ 'ಬುದ್ಧಿ' ಅಂತಿದ್ರು. ಹನ್ನೆರಡು ವರ್ಷದಿಂದ ಅವರ ಹತ್ರ ಇದ್ದೋನು ಒಬ್ಬನೇ ಶಿಷ್ಯ, ಚಿಕ್ಕಲಿಂಗಯ್ಯ.

ಚಿಕ್ಕಲಿಂಗಯ್ಯನಿಗೆ ಎಲ್ಲಕ್ಕೂ ಅಪ್ಪಣೆ ಬೇಕು. ಉಗುರು ತೆಗೆಯೋಕೂ ಅಪ್ಪಣೆ, ಹಲಸಿನ ಹಣ್ಣು ಬಿಡಿಸೋಕೂ ಅಪ್ಪಣೆ. ಸೀನು ಬಂದ್ರೆ ಮೂಗು ಹಿಡ್ಕೊಂಡು ಓಡಿ ಬರೋನು. ಬುದ್ಧಿಯೋರು ಹೂಂ ಅಂದ ಮೇಲೇ ಸೀನೋದು.

ಒಂದಿನ ಬೆಳಿಗ್ಗೆ ಅಂಬಿಗ ಸಣ್ಣಯ್ಯ ಬಂದ.

"ಚಿಕ್ಕಲಿಂಗಯ್ಯೋರೆ, ಆ ದಡದಲ್ಲಿ ನಿಮ್ಮಣ್ಣ ಹಾಸಿಗೆ ಹಿಡಿದವ್ರೆ. ಎರಡು ದಿನ ತಡೆದ್ರೆ ಹೆಚ್ಚು. ನಿಮ್ಮನ್ನ ನೋಡ್ಬೇಕಂತೆ. ಬಿಸಿಲು ಹೊಳೆ ಮೆಟ್ಟಿಲಿಗೆ ಬಂದಾಗ ದೋಣಿ ಬಿಡ್ತೀನಿ."

ಚಿಕ್ಕಲಿಂಗಯ್ಯ ಗುರುಗಳ ಮುಂದೆ ಚಾಪೆ ಹಾಸ್ಕೊಂಡು ಕೂತ.

"ಬುದ್ಧಿ, ಅಣ್ಣನ್ನ ನೋಡೋಕೆ ಹೋಗ್ಬೇಕು. ಅಪ್ಪಣೆ ಆಗ್ಬೇಕು."

"ಹೂಂ."

"ಬರೀ ಹೂಂ ಅಂದ್ರೆ ಹೆಂಗೆ? ಈಗ ತಾನೇ ಎಮ್ಮೆಗೂ ಹೂಂ ಅಂದ್ರಿ."

"ಆಗಲಿ."

"ಬೇಸರ ಮಾಡ್ಕೊಂಡು ಆಗಲಿ ಅಂದ್ರಾ?"

"ಹೋಗಯ್ಯಾ!"

"ಅಯ್ಯೋ, ಬರೀ ಹೋಗು ಅನ್ನಬಾರದು ಬುದ್ಧಿ. ಹೋಗಿ ಬಾ ಅನ್ನಬೇಕು."

"ಅದು ಎದ್ದು ಹೊರಟೋರಿಗೆ ಹೇಳೋ ಮಾತು. ನೀನಿನ್ನೂ ಚಾಪೆ ಬಿಟ್ಟಿಲ್ಲ."

ಚಿಕ್ಕಲಿಂಗಯ್ಯ ಎದ್ದ. ಹೊಳೆ ಕಡೆ ಮಾತ್ರ ಹೋಗಲಿಲ್ಲ. "ದೇವರನ್ನೂ ಒಂದು ಮಾತು ಕೇಳಿಬಿಡ್ತೀನಿ" ಅಂತ ಗುಡಿಗೆ ಹೋದ.

ಅಲ್ಲಿ ಹೂವು ಕೇಳೋ ಪದ್ಧತಿ. ಒದ್ದೆ ಹೂವನ್ನ ಲಿಂಗದ ಎರಡೂ ಕಡೆ ಅಂಟಿಸಿ ಕೈ ಮುಗಿಯೋದು. ಬಲಗಡೇದು ಮೊದಲು ಬಿದ್ರೆ ಅಪ್ಪಣೆ. ಎಡಗಡೇದು ಬಿದ್ರೆ ಬೇಡ ಅಂತ.

ಬಲಗಡೇದು ಬಿತ್ತು.

"ಗಾಳಿ ಬೀಸಿತು" ಅಂದ ಚಿಕ್ಕಲಿಂಗಯ್ಯ. ಗಾಳಿ ಎಲ್ಲಿತ್ತು? ದೀಪದ ಕುಡಿ ಕೂಡ ಅಲ್ಲಾಡಿರಲಿಲ್ಲ.

ಇನ್ನೊಂದು ಸಲ ಇಟ್ಟ. ಮತ್ತೆ ಬಲಗಡೇದೇ.

"ಇರುವೆ ತಳ್ಳಿರ್ಬೇಕು."

ಮೂರನೇ ಸಲ ಬಲಗಡೆ ಹೂವನ್ನ ಚೆನ್ನಾಗಿ ನೀರಲ್ಲಿ ಅದ್ದಿ ಅಂಟಿಸಿದ. ಎಡಗಡೇದನ್ನ ಅದ್ದಲೇ ಇಲ್ಲ, ಒಣಗಿದ್ದನ್ನ ಹಂಗೇ ಆನಿಸಿದ. ಅವನು ಕೈ ಮುಗಿಯೋದ್ರೊಳಗೆ ಅದು ಉದುರಿತು.

ಕುಣೀತಾ ಓಡಿ ಬಂದ. "ಬುದ್ಧಿ, ದೇವರು ಬೇಡ ಅಂದ!"

ಗುರುಗಳು ಅವನ ಮುಖ ನೋಡಿದ್ರು. "ಬೇಡ ಅನ್ನಿಸಿಕೊಂಡು ಇಷ್ಟು ಹಿಗ್ಗಿದೋನನ್ನ ನಾನು ನೋಡೇ ಇಲ್ಲ."

ಚಿಕ್ಕಲಿಂಗಯ್ಯನ ನಗು ಇಳೀತು. ಬಾಗಿಲಲ್ಲೇ ಕುಸಿದು ಕೂತ.

"ಮನೆ ಬಿಡೋವಾಗ ಅಣ್ಣನಿಗೆ ಒಂದು ಮಾತು ಅಂದುಬಿಟ್ಟಿದ್ದೆ ಬುದ್ಧಿ. ನಿನ್ನ ಹೆಣ ಎತ್ತೋಕೂ ಬರಲ್ಲ ಅಂತ. ಈಗ ಯಾವ ಮುಖ ಇಟ್ಕೊಂಡು ಹೋಗಲಿ?"

ನೂರಾ ಮೂರು ವರ್ಷದ ಗುರುಗಳು ಗೋಡೆ ಹಿಡ್ಕೊಂಡು ಎದ್ದು ಕೋಲು ತಗೊಂಡ್ರು. ಶಿಷ್ಯನ ಮುಂದೆ ಬಂದು ಕೈ ಮುಗಿದು ನಿಂತ್ರು.

"ಅಪ್ಪಣೆ ಕೊಡಪ್ಪ."

"ಇದೇನು ಬುದ್ಧಿ? ಎಲ್ಲಿಗೆ?"

"ನಿಮ್ಮಣ್ಣನ ಹತ್ರ. ನಿನ್ನ ತಮ್ಮ ಬರ್ತೀನಿ ಅಂತ ಒದ್ದಾಡಿದ, ನಾನೇ ಕಳಿಸಲಿಲ್ಲ, ದೇವರೂ ಬಿಡಲಿಲ್ಲ ಅಂತ ಹೇಳಿ ಬರ್ತೀನಿ."

"ಅದು ಸುಳ್ಳು ಬುದ್ಧಿ!"

"ಹಂಗಾದ್ರೆ ನಿಜ ಏನೈತೋ ಅದನ್ನೇ ಹೇಳ್ತೀನಿ."

"ಬೇಡಿ! ಅದನ್ನ... ಅದನ್ನ ನಾನೇ ಹೇಳ್ಬೇಕು."

ಬಿಸಿಲು ಮೆಟ್ಟಿಲಿಗೆ ಬಂದಿತ್ತು. "ಬಿಟ್ಟೇ!" ಅಂತ ಸಣ್ಣಯ್ಯ ಕೂಗಿದ.

ಚಿಕ್ಕಲಿಂಗಯ್ಯ ಓಡಿದ. ಮೆಟ್ಟಿಲು ನಲವತ್ತಿದ್ವು, ಅವನು ತುಳಿದಿದ್ದು ಎರಡೇ. ಎದೆಮಟ್ಟ ನೀರಿಗೆ ಇಳಿದು ದೋಣಿ ಅಂಚು ಹಿಡಿದ. ಸಣ್ಣಯ್ಯ ರಟ್ಟೆ ಹಿಡಿದು ಮೇಲಕ್ಕೆ ಎಳ್ಕೊಂಡ.

ಹೊಳೆ ಮಧ್ಯಕ್ಕೆ ಹೋದಾಗ ಅವನಿಗೆ ನೆನಪಾಯ್ತು. ಒದ್ದೆ ಬಟ್ಟೇಲೇ ಎದ್ದು ನಿಂತು ಕೂಗಿದ.

"ಬುದ್ಧೀ! ಅಪ್ಪಣೆ ಕೇಳೋದೇ ಮರೆತು ಬಂದೆ!"

ದಡದಲ್ಲಿ ಗುರುಗಳು ಕೋಲು ಕೆಳಗಿಟ್ಟು, ಎರಡೂ ಕೈ ಮೇಲಕ್ಕೆತ್ತಿದ್ರು.

"ಹೋಗಿ ಬಾರಪ್ಪಾ!"